ಓದುಗರಿಲ್ಲದ ಪುಸ್ತಕಗಳು, ಪುಸ್ತಕವಿಲ್ಲದ ಓದುಗರು

ಕಳೆದ ವರ್ಷದ ವಸಂತದಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರಿಂದ ದೂರವಾಣಿ ಕರೆ ಬಂದಿತು. ನಾಲ್ಕು ದಶಕಗಳಿಂದ ಬಾಳಿ ಬದುಕಿದ ಮನೆಯನ್ನು ಮಾರಿ, ಮಗಳ ಊರಿಗೆ ಹತ್ತಿರವಾದ ಚಿಕ್ಕ ಫ್ಲ್ಯಾಟ್ ಒಂದಕ್ಕೆ ಹೋಗುತ್ತಿರುವುದಾಗಿ ಅವರು ತಿಳಿಸಿದರು. ಪೀಠೋಪಕರಣಗಳಿಗೆ ಗಿರಾಕಿಗಳು ಸಿಕ್ಕಿದ್ದರು, ಪಾತ್ರೆಪಡಗಗಳನ್ನು ಮಕ್ಕಳು ಹಂಚಿಕೊಂಡಿದ್ದರು. ಉಳಿದದ್ದು ಪುಸ್ತಕಗಳು. ಸಂಘದ ಪುಸ್ತಕದ ಬೀರುವಿನ ಕೀಲಿಕೈ ನಮ್ಮ ಮನೆಯಲ್ಲಿ ಇರುವ ಕಾರಣ ಅವರು ನಮ್ಮನ್ನು ಕರೆದಿದ್ದರು.

ನಾವು ಹೋಗಿ ನೋಡಿದೆವು. ಮೇಲಿನ ಚಿಕ್ಕ ಕೋಣೆಯ ಮೂರು ಗೋಡೆಗಳೂ ತುಂಬಿದ್ದವು. ಅಲ್ಲಿ ಹಿಡಿಸದವು ಮೆಟ್ಟಿಲಿನ ಪಕ್ಕಕ್ಕೂ, ಮೆಟ್ಟಿಲಿನಲ್ಲಿ ಹಿಡಿಸದವು ಅಟ್ಟಕ್ಕೂ ಏರಿದ್ದವು. ಕುವೆಂಪು, ಕಾರಂತ, ಅನಕೃ, ತ್ರಿವೇಣಿ; ಒಟ್ಟುಗೂಡಿಸಿ ಬೈಂಡ್ ಮಾಡಿಸಿದ ಹಳೆಯ ‘ಕಸ್ತೂರಿ’ ಸಂಚಿಕೆಗಳು; ಬೆನ್ನು ಬಿಟ್ಟುಹೋದ ನಿಘಂಟು. ಊರಿಗೆ ಹೋದಾಗಲೆಲ್ಲ ಸೂಟ್‌ಕೇಸಿನಲ್ಲಿ ಬಟ್ಟೆಯನ್ನು ಕಡಿಮೆ ಮಾಡಿ, ವಿಮಾನದವರು ಒಪ್ಪುವ ತೂಕದೊಳಗೆ ಹೊಂದಿಸಿ ತಂದ ಪುಸ್ತಕಗಳು ಅವು. ಅವರ ಮಕ್ಕಳು ಕನ್ನಡ ಮಾತನಾಡುತ್ತಾರೆ, ಆದರೆ ಓದಲಾರರು. “ಜಾಗ ಇಲ್ಲ ಅಂತ ಕೊಡ್ತಿದ್ದೀನಿ ಅಂದುಕೊಳ್ಳಬೇಡಿ. ನಾನು ಹೋದ ಮೇಲೆ ಇವನ್ನು ಯಾವ ಕಡೆಯಿಂದ ಹಿಡಿದು ಓದಬೇಕು ಅಂತ ತಿಳಿಯದವರ ಕೈಗೆ ಹೋಗುತ್ತಲ್ಲ, ಅದಕ್ಕೆ” ಎಂದರು.

ಹದಿನೇಳು ರಟ್ಟಿನ ಪೆಟ್ಟಿಗೆಗಳಾದವು. ಸಂಘಕ್ಕೆ ಸ್ವಂತ ಕಟ್ಟಡವಿಲ್ಲ. ಬಾಡಿಗೆಯ ಸಭಾಂಗಣದ ಮೂಲೆಯಲ್ಲಿ ಒಂದು ಬೀರು ಇಡಲು ಅನುಮತಿ ಉಂಟು, ಅಷ್ಟೇ. ಹೀಗಾಗಿ ಆ ಹದಿನೇಳೂ ನಮ್ಮ ಮನೆಗೆ ಬಂದು ಮೆಟ್ಟಿಲ ಕೆಳಗಿನ ಗೂಡಿನಲ್ಲಿಯೂ ಊಟದ ಮೇಜಿನ ಕೆಳಗೂ ಕುಳಿತವು. ಮೊದಲೇ ತುಂಬಿದ್ದ ಮನೆ ಅದರಿಂದ ಇನ್ನಷ್ಟು ತುಂಬಿತು. ಪುಸ್ತಕ ಮನೆಯನ್ನು ಮೀರಿ ಬೆಳೆದಾಗ ಹಿಂದಿನವರು ಏನು ಮಾಡಿದರು ಎಂಬ ಕುತೂಹಲ ನಮಗೆ ಹುಟ್ಟಿದ್ದು ಆ ಪೆಟ್ಟಿಗೆಗಳ ನಡುವೆಯೇ. ಈ ದೇಶದಲ್ಲಿಯೇ, ನಮ್ಮಲ್ಲಿ ಅನೇಕರ ಮನೆಗಳಿಂದ ಒಂದು ದಿನದ ಪ್ರಯಾಣದಲ್ಲಿ ನೋಡಿ ಬರಬಹುದಾದ ಊರುಗಳಲ್ಲಿಯೇ, ಈ ಪ್ರಶ್ನೆಗೆ ಮೂರು ಬಗೆಯ ಉತ್ತರಗಳನ್ನು ಕೊಟ್ಟವರು ಆಗಿಹೋಗಿದ್ದಾರೆ. ನಾಲ್ಕನೆಯ ಉತ್ತರ ನಮ್ಮ ಮಂಡ್ಯ ಜಿಲ್ಲೆಯದು.

ಎಲ್ಲೆ ಹಾಕಿಕೊಂಡವರು

ಮೊದಲನೆಯವರು ಸ್ಯಾಮ್ಯುಯಲ್ ಪೀಪ್ಸ್. 1633ರಲ್ಲಿ ಲಂಡನ್ನಿನ ದರ್ಜಿಯೊಬ್ಬನ ಮಗನಾಗಿ ಹುಟ್ಟಿ, ನೌಕಾಪಡೆಯ ಆಡಳಿತದಲ್ಲಿ ಉನ್ನತ ಸ್ಥಾನಕ್ಕೇರಿದವರು. 1660ರಿಂದ 1669ರವರೆಗೆ ಅವರು ಶೀಘ್ರಲಿಪಿಯಲ್ಲಿ ಬರೆದಿಟ್ಟ ದಿನಚರಿ ಇಂದು ಜಗತ್ಪ್ರಸಿದ್ಧವಾಗಿದೆ. 1666ರ ಜುಲೈ ತಿಂಗಳ ಹೊತ್ತಿಗೆ ಅವರ ಪುಸ್ತಕಗಳು ಕುರ್ಚಿಗಳ ಮೇಲೆ ಒಂದರ ಮೇಲೊಂದು ಬಿದ್ದಿರುವಷ್ಟು ಹೆಚ್ಚಾಗಿದ್ದವು. ಬೇಸತ್ತ ಪೀಪ್ಸ್, ನೌಕಾಪಡೆಯ ಕೆಲಸಗಳನ್ನು ಮಾಡುತ್ತಿದ್ದ ಸಿಂಪ್ಸನ್ ಎಂಬ ಬಡಗಿಯನ್ನು ಕರೆಸಿ, ಗಾಜಿನ ಬಾಗಿಲುಗಳುಳ್ಳ ಓಕ್ ಮರದ ಕಪಾಟುಗಳನ್ನು ಮಾಡಿಸಿದರು. ಪುಸ್ತಕದ ಎತ್ತರಕ್ಕೆ ತಕ್ಕಂತೆ ಹಲಗೆಗಳನ್ನು ಏರಿಸಿ ಇಳಿಸಬಹುದಾದ ಕಪಾಟುಗಳು ಅವು.

ಅದಾದ ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ ಆರಂಭದಲ್ಲಿ, ಲಂಡನ್ ಮಹಾನಗರ ಹೊತ್ತಿ ಉರಿಯಿತು. ಪೀಪ್ಸ್ ತಮ್ಮ ಸಾಮಾನುಗಳನ್ನು ಗಾಡಿಯಲ್ಲಿ ಹೇರಿ ನಗರದ ಹೊರಗೆ ಸಾಗಿಸಿದರು; ವೈನನ್ನೂ ಇಟಲಿಯ ಪಾರ್ಮಸಾನ್ ಗಿಣ್ಣನ್ನೂ ತೋಟದಲ್ಲಿ ಗುಂಡಿ ತೋಡಿ ಹೂತಿಟ್ಟರು. ಬೆಂಕಿ ಅವರ ಮನೆಯವರೆಗೆ ಬರಲಿಲ್ಲ. ಸಾಮಾನುಗಳು ಹಿಂತಿರುಗಿದಾಗ ಎಲ್ಲಕ್ಕಿಂತ ದೊಡ್ಡದಾದ ನಾಲ್ಕೈದು ಪುಸ್ತಕಗಳು ಕಾಣದೆ ನಿದ್ದೆಯಲ್ಲಿಯೂ ಕಳವಳಗೊಂಡುದನ್ನು ಅವರು ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಊರೇ ಸುಟ್ಟುಹೋದ ತಿಂಗಳಲ್ಲಿ ನಾಲ್ಕೈದು ಪುಸ್ತಕಗಳಿಗಾಗಿ ನಿದ್ದೆಗೆಟ್ಟವರನ್ನು ಕಂಡು ನಗುವ ಹಕ್ಕು ಪುಸ್ತಕಪ್ರಿಯರಾದ ನಮಗಂತೂ ಇಲ್ಲ.

ಎರಡು ವರ್ಷ ಕಳೆಯುವುದರೊಳಗೆ ಕಪಾಟುಗಳು ಮತ್ತೆ ತುಂಬಿದವು. ಈ ಬಾರಿ ಪೀಪ್ಸ್ ಒಂದು ನಿರ್ಧಾರ ಮಾಡಿದರು: ಕಪಾಟುಗಳಲ್ಲಿ ಹಿಡಿಸುವಷ್ಟಕ್ಕಿಂತ ಹೆಚ್ಚು ಪುಸ್ತಕ ಇಟ್ಟುಕೊಳ್ಳಬಾರದು, ಹೊಸದು ಬಂದರೆ ಹಳೆಯದೊಂದು ಹೊರಗೆ ಹೋಗಬೇಕು. ಕಪಾಟುಗಳ ಸಂಖ್ಯೆ ಕಾಲಕ್ರಮದಲ್ಲಿ ಹನ್ನೆರಡಕ್ಕೆ ಏರಿತಾದರೂ ನಿಯಮದ ತಿರುಳು ಉಳಿಯಿತು. ಕೊನೆಗೆ ಅವರ ಸಂಗ್ರಹ ಮೂರು ಸಾವಿರ ಸಂಪುಟಗಳಲ್ಲಿ ನಿಂತಿತು. ಅತಿ ಚಿಕ್ಕ ಪುಸ್ತಕಕ್ಕೆ ಒಂದನೆಯ ಸಂಖ್ಯೆ, ಅತಿ ದೊಡ್ಡದಕ್ಕೆ ಮೂರು ಸಾವಿರದ ಸಂಖ್ಯೆ. ಸಾಲು ಸಮವಾಗಿ ಕಾಣಲೆಂದು ಗಿಡ್ಡ ಪುಸ್ತಕಗಳ ಅಡಿಗೆ ಮರದ ಚಿಕ್ಕ ಪೀಠಗಳನ್ನು ಕೂಡ ಅವರು ಮಾಡಿಸಿಟ್ಟಿದ್ದರು.

1703ರಲ್ಲಿ ಪೀಪ್ಸ್ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಸಂಗ್ರಹವು ಸೋದರಳಿಯನ ಜೀವಿತಕಾಲದವರೆಗೆ ಅವನ ಬಳಿ ಇದ್ದು, ಬಳಿಕ ತಾವು ಓದಿದ ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜಿಗೆ ಸೇರಬೇಕೆಂಬುದು ಅವರ ಇಚ್ಛೆಯಾಗಿತ್ತು. ಒಂದು ಪುಸ್ತಕವನ್ನೂ ಸೇರಿಸಕೂಡದು, ಒಂದನ್ನೂ ತೆಗೆಯಕೂಡದು. ತಪ್ಪಿದಲ್ಲಿ ಸಂಗ್ರಹವೆಲ್ಲ ನೆರೆಯ ಟ್ರಿನಿಟಿ ಕಾಲೇಜಿನ ಪಾಲಾಗಬೇಕು, ವರ್ಷಕ್ಕೊಮ್ಮೆ ಬಂದು ತಪಾಸಣೆ ಮಾಡುವ ಅಧಿಕಾರವೂ ಟ್ರಿನಿಟಿಯವರಿಗೆ ಇರಬೇಕು! ಇಬ್ಬರು ನೆರೆಹೊರೆಯವರ ಪೈಪೋಟಿಯನ್ನೇ ಬೀಗವಾಗಿ ಮಾಡಿದ ಜಾಣ್ಮೆ ಇದು. 1724ರಲ್ಲಿ ಪುಸ್ತಕಗಳು, ಕಪಾಟುಗಳ ಸಮೇತ, ಮಾಡ್ಲಿನ್ ಕಾಲೇಜನ್ನು ಸೇರಿದವು; ಇಂದಿಗೂ ಅದೇ ಕ್ರಮದಲ್ಲಿ ನಿಂತಿವೆ.

ಆ ಮೂರು ಸಾವಿರದೊಳಗೆ ಅವರ ದಿನಚರಿಯ ಆರು ಸಂಪುಟಗಳೂ ಇದ್ದವು. ನೂರು ವರ್ಷಗಳ ಕಾಲ ಯಾರಿಗೂ ಅದು ಏನೆಂದು ಓದಲಾಗಲಿಲ್ಲ. 1819ರಲ್ಲಿ ಜಾನ್ ಸ್ಮಿತ್ ಎಂಬ ಬಡ ವಿದ್ಯಾರ್ಥಿ ಅದನ್ನು ಬಿಡಿಸಲು ತೊಡಗಿ ಮೂರು ವರ್ಷ ದುಡಿದರು. 1825ರಲ್ಲಿ ಅದರ ಮೊದಲ ಮುದ್ರಣ ಹೊರಬಂದಿತು. ಓದಲಾಗದ ಬರಹವನ್ನು ಕೂಡ ಬಿಸಾಡದೆ ಕಾಯ್ದುಕೊಂಡಿದ್ದರಿಂದ ಅದು ನಮ್ಮವರೆಗೆ ಬಂದಿತು. ಆದರೆ ಪೀಪ್ಸ್ ಅವರ ದಾರಿಗೂ ಒಂದು ಬೆಲೆ ಇತ್ತು. ಎಲ್ಲೆಯೊಳಗೆ ಉಳಿಯಲು ಅವರು ಹೊರಹಾಕಿದ ಪುಸ್ತಕಗಳಿಗೆ ಮಾಡ್ಲಿನ್ ಕಾಲೇಜಿನ ಕಪಾಟಿನಲ್ಲಿ ಸ್ಥಾನವಿಲ್ಲ.

ಎಲ್ಲೆಯೇ ಇಲ್ಲದವರು

ಎರಡನೆಯವರು ಪೀಪ್ಸ್ ಅವರಿಗೆ ತೀರ ವಿರುದ್ಧ ಸ್ವಭಾವದವರು. ಸರ್ ಥಾಮಸ್ ಫಿಲಿಪ್ಸ್ 1792ರಲ್ಲಿ ಮ್ಯಾಂಚೆಸ್ಟರಿನ ಬಟ್ಟೆ ತಯಾರಕರೊಬ್ಬರ ಮಗನಾಗಿ ಹುಟ್ಟಿದರು. ತಂದೆಯ ಆಸ್ತಿಯ ಜೊತೆಗೆ ವುಸ್ಟರ್‌ಶೈರಿನ ಬ್ರಾಡ್‌ವೇ ಗ್ರಾಮದ ಬಳಿಯ ‘ಮಿಡ್ಲ್ ಹಿಲ್’ ಎಂಬ ದೊಡ್ಡ ಮನೆ ಅವರಿಗೆ ಬಂದಿತು. ಕಾಟ್ಸ್‌ವೊಲ್ಡ್ ಬೆಟ್ಟಗಳ ಚೆಲುವು ನೋಡಲು ಬ್ರಾಡ್‌ವೇಗೆ ಹೋಗಿ ಬಂದ ನಮ್ಮ ಸದಸ್ಯರು ಬಹಳ. ಆ ಊರಿನ ಮೇಲಿನ ಇಳಿಜಾರಿನಲ್ಲಿ ಒಂದು ಕಾಲಕ್ಕೆ ಲೋಕದ ಅತಿ ದೊಡ್ಡ ಖಾಸಗಿ ಹಸ್ತಪ್ರತಿ ಸಂಗ್ರಹವಿತ್ತೆಂಬುದು ಹೆಚ್ಚಿನವರಿಗೆ ತಿಳಿದಿರಲಾರದು.

ಫ್ರೆಂಚ್ ಕ್ರಾಂತಿಯ ನಂತರದ ಯೂರೋಪಿನಲ್ಲಿ ಮಠಗಳ, ಮನೆತನಗಳ ಹಳೆಯ ಚರ್ಮದ ಹಸ್ತಪ್ರತಿಗಳು ರದ್ದಿಯ ದರಕ್ಕೆ ಮಾರಾಟವಾಗುತ್ತಿದ್ದವು. ಚಿನ್ನದ ರೇಕು ಬಡಿಯುವವರು ಹಾಳೆಗಳ ನಡುವೆ ಇಡಲು ಅವನ್ನು ಕೊಂಡು ಕತ್ತರಿಸುತ್ತಿದ್ದರು. ಇವು ನಾಶವಾಗುವುದನ್ನು ತಾಳಲಾರದೆ ಫಿಲಿಪ್ಸ್ ಕಂಡಕಂಡದ್ದನ್ನು ಕೊಳ್ಳತೊಡಗಿದರು. ಬೆಲೆ ಕೇಳಲಿಲ್ಲ, ಎಷ್ಟೋ ಸಲ ಹಣವನ್ನೂ ಕೊಡಲಿಲ್ಲ, ವ್ಯಾಪಾರಿಗಳನ್ನು ವರ್ಷಗಟ್ಟಲೆ ಕಾಯಿಸಿದರು. ಜಗತ್ತಿನಲ್ಲಿರುವ ಪ್ರತಿಯೊಂದು ಪುಸ್ತಕದ ಒಂದು ಪ್ರತಿ ತಮ್ಮಲ್ಲಿರಬೇಕೆಂದು ಇಳಿವಯಸ್ಸಿನಲ್ಲಿ ಅವರು ಬರೆದುಕೊಂಡರು. ಹಸ್ತಪ್ರತಿಗಳೇ ಸುಮಾರು 60,000ದಷ್ಟಾದವು. ಮುದ್ರಿತ ಪುಸ್ತಕಗಳು ಬೇರೆ.

ಈಗ ಮನೆಯ ಕಥೆ. ಊಟದ ಕೋಣೆ ಹಸ್ತಪ್ರತಿಗಳಿಂದ ತುಂಬಿ ಅದಕ್ಕೆ ಬೀಗ ಬಿದ್ದಿತು. ಮಲಗುವ ಕೋಣೆಗಳಲ್ಲಿ ಪೆಟ್ಟಿಗೆಗಳ ನಡುವೆ ಓಡಾಡಲು ಓಣಿ ಮಾತ್ರ ಉಳಿಯಿತು. ಬ್ರಿಟಿಷ್ ಮ್ಯೂಸಿಯಮ್ಮಿನ ಹಸ್ತಪ್ರತಿ ವಿಭಾಗದ ಮುಖ್ಯಸ್ಥ ಸರ್ ಫ್ರೆಡರಿಕ್ ಮ್ಯಾಡನ್ ಅಲ್ಲಿಗೆ ಹೋದಾಗ ಮನೆಯೊಡತಿಯ ಕೋಣೆಯಲ್ಲಿಯೂ ಅದೇ ಸ್ಥಿತಿ ಕಂಡು ಕನಿಕರಪಟ್ಟರು. ಪುಸ್ತಕಗಳನ್ನು ಇಟ್ಟದ್ದು ಕಪಾಟುಗಳಲ್ಲಿ ಅಲ್ಲ, ಶವಪೆಟ್ಟಿಗೆಯನ್ನು ಹೋಲುವ ಉದ್ದನೆಯ ಪೆಟ್ಟಿಗೆಗಳಲ್ಲಿ. ಮುಂಭಾಗದ ಹಲಗೆ ಕೆಳಕ್ಕೆ ತೆರೆದುಕೊಳ್ಳುತ್ತಿತ್ತು. ಬೆಂಕಿ ಬಿದ್ದರೆ ಹಾಗೆಯೇ ಎತ್ತಿಕೊಂಡು ಓಡಬಹುದೆಂಬುದು ಲೆಕ್ಕಾಚಾರ. ಒಂದು ಪಾರ್ಶ್ವದಿಂದ ಪುಸ್ತಕಗಳು, ಇನ್ನೊಂದರಿಂದ ಇಲಿಗಳು ತನ್ನನ್ನು ಹೊರದೂಡಿವೆಯೆಂದು ಅವರ ಎರಡನೆಯ ಪತ್ನಿ ಎಲಿಜಬೆತ್ ಕೊರಗಿದರು.

1842ರಲ್ಲಿ ಹಿರಿಯ ಮಗಳು ಹೆನ್ರಿಯೆಟ್ಟಾ ತಂದೆಯ ಒಪ್ಪಿಗೆಯಿಲ್ಲದೆ ಜೇಮ್ಸ್ ಹ್ಯಾಲಿವೆಲ್ ಎಂಬ ತರುಣ ವಿದ್ವಾಂಸನನ್ನು ಮದುವೆಯಾದರು. ಕೇಂಬ್ರಿಜ್‌ನ ಹಸ್ತಪ್ರತಿಗಳನ್ನು ಕದ್ದನೆಂಬ ಆರೋಪ ಆತನ ಮೇಲೆ ಬಂದ ಮೇಲಂತೂ ಫಿಲಿಪ್ಸ್ ಕೋಪ ಇಳಿಯಲೇ ಇಲ್ಲ. ಆದರೆ ಮಿಡ್ಲ್ ಹಿಲ್ ಮನೆ ಕಾನೂನಿನ ಪ್ರಕಾರ ತಮ್ಮ ತರುವಾಯ ಅದೇ ಮಗಳಿಗೆ ಹೋಗುವಂಥದ್ದು. ಅದನ್ನು ತಪ್ಪಿಸುವ ದಾರಿ ಇರಲಿಲ್ಲ. ಸುತ್ತಲಿನ ಮರಗಳನ್ನು ಕಡಿಸಿ, ಮನೆಯನ್ನು ಹಾಳುಗೆಡವಿ, ಪುಸ್ತಕಗಳನ್ನೆಲ್ಲ ಚೆಲ್ಟನಂ ಪಟ್ಟಣದ ‘ಥರ್ಲ್‌ಸ್ಟೇನ್ ಹೌಸ್’ ಎಂಬ ಭಾರಿ ಮಹಲಿಗೆ ಸಾಗಿಸಲು ಅವರು ತೊಡಗಿದರು. 1863ರಿಂದ ತಿಂಗಳುಗಟ್ಟಲೆ ನಡೆದ ಈ ಸಾಗಣೆಗೆ ನೂರಕ್ಕೂ ಹೆಚ್ಚು ಗಾಡಿ ಹೇರುಗಳಾದವು. ಭಾರಕ್ಕೆ ದಾರಿಯಲ್ಲಿ ಮುರಿದು ಬಿದ್ದ ಗಾಡಿಗಳೂ ಇದ್ದವು.

ಸಂಗ್ರಹವನ್ನು ಸಾರ್ವಜನಿಕ ಸಂಸ್ಥೆಗೆ ಒಪ್ಪಿಸುವ ಮಾತುಕತೆ ಆಕ್ಸ್‌ಫರ್ಡಿನೊಡನೆಯೂ ಬ್ರಿಟಿಷ್ ಮ್ಯೂಸಿಯಮ್ಮಿನೊಡನೆಯೂ ನಡೆದು ಮುರಿದುಬಿದ್ದಿತು. 1872ರಲ್ಲಿ ಫಿಲಿಪ್ಸ್ ತೀರಿಕೊಂಡಾಗ ಅವರ ಉಯಿಲಿನಲ್ಲಿ ವಿಚಿತ್ರ ಕಟ್ಟಳೆಗಳಿದ್ದವು: ಪುಸ್ತಕಗಳು ಆ ಮಹಲಿನಲ್ಲಿಯೇ ಇರಬೇಕು, ಹೊರಗಿನವರಾರೂ ಅವನ್ನು ಹೊಂದಿಸಿಡಕೂಡದು, ಹೆನ್ರಿಯೆಟ್ಟಾ, ಆಕೆಯ ಗಂಡ, ರೋಮನ್ ಕ್ಯಾಥೊಲಿಕರು ಒಳಗೆ ಕಾಲಿಡಕೂಡದು. ಅಷ್ಟು ದೊಡ್ಡ ಮನೆಯನ್ನು ನಡೆಸಲು ಬೇಕಾದ ಹಣವನ್ನು ಮಾತ್ರ ಅವರು ಬಿಟ್ಟುಹೋಗಿರಲಿಲ್ಲ. 1885ರಲ್ಲಿ ನ್ಯಾಯಾಲಯ ಮಾರಾಟಕ್ಕೆ ಅನುಮತಿ ಕೊಟ್ಟಿತು. ಮೊಮ್ಮಗ ಫಿಟ್ಸ್‌ರಾಯ್ ಫೆನ್ವಿಕ್ ಜೀವಮಾನವೆಲ್ಲ ಅದನ್ನೇ ಮಾಡಿದರು. 1946ರಲ್ಲಿ ಉಳಿಕೆಯನ್ನು ರಾಬಿನ್ಸನ್ ಸಹೋದರರೆಂಬ ಪುಸ್ತಕ ವ್ಯಾಪಾರಿಗಳು ಒಂದು ಲಕ್ಷ ಪೌಂಡಿಗೆ ಕೊಂಡರು. ಅದರ ಹರಾಜುಗಳು ಮತ್ತೂ ಹಲವು ದಶಕ ನಡೆದವು. ಐವತ್ತು ವರ್ಷ ಕೂಡಿಟ್ಟುದು ಚದುರಲು ನೂರು ವರ್ಷ ಸಾಲಲಿಲ್ಲ.

ಫಿಲಿಪ್ಸರನ್ನು ಗೇಲಿ ಮಾಡುವುದು ಸುಲಭ. ಹೆಂಡತಿ ಮಕ್ಕಳು ಪಟ್ಟ ಕಷ್ಟವನ್ನು ಮುಚ್ಚಿಡಲಾಗದು. ಆದರೂ ನ್ಯಾಯವಾಗಿ ಇನ್ನೊಂದು ಮಾತನ್ನು ಹೇಳಲೇಬೇಕು. ಅವರ ದುರಾಸೆಯಿಲ್ಲದಿದ್ದರೆ ಅಂಟಾಗಿ, ರದ್ದಿಯಾಗಿ ಹೋಗುತ್ತಿದ್ದ ಸಾವಿರಾರು ಹಸ್ತಪ್ರತಿಗಳು ಇಂದು ಬರ್ಲಿನ್ ಮೊದಲ್ಗೊಂಡು ಅನೇಕ ನಗರಗಳ ಗ್ರಂಥಾಲಯಗಳಲ್ಲಿವೆ. ಬಂದ ವಿದ್ವಾಂಸರನ್ನು ಅವರು ಮನೆಯಲ್ಲಿಟ್ಟುಕೊಂಡು, ಊಟವಿಕ್ಕಿ, ಪ್ರತಿ ಮಾಡಿಕೊಳ್ಳಲು ಬಿಡುತ್ತಿದ್ದರು. ಉಳಿಸುವ ಕೆಲಸದಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ. ದಾಟಿಸುವ ಕೆಲಸಕ್ಕೆ ಬಂದಾಗ ಮನಸ್ಸು ಬಿಗಿದುಕೊಂಡಿತು.

ತಳ್ಳುಬಂಡಿಯ ಪ್ರಧಾನಿ

ಮೂರನೆಯವರು ನಾಲ್ಕು ಬಾರಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ವಿಲಿಯಂ ಗ್ಲಾಡ್‌ಸ್ಟನ್. ಉತ್ತರ ವೇಲ್ಸಿನ ಹಾರ್ಡನ್ ಗ್ರಾಮದಲ್ಲಿ, ಚೆಸ್ಟರ್ ನಗರದಿಂದ ಕೆಲವೇ ಮೈಲಿಗಳ ದೂರದಲ್ಲಿ, ಅವರ ಮನೆಯಿತ್ತು. ದಿನವೂ ಓದಿದ್ದನ್ನು ದಿನಚರಿಯಲ್ಲಿ ದಾಖಲಿಸುತ್ತಿದ್ದ, ಅಂಚುಗಳಲ್ಲಿ ಟಿಪ್ಪಣಿ ಬರೆಯುತ್ತಿದ್ದ ಗಂಭೀರ ಓದುಗರು ಅವರು. ಪುಸ್ತಕ ಹೆಚ್ಚಿದಾಗ ಅವರು ಆ ಸಮಸ್ಯೆಯನ್ನು ಬಜೆಟ್ ಮಂಡಿಸುವವರಂತೆ ಲೆಕ್ಕ ಹಾಕಿ ನೋಡಿದರು. 1890ರ ಮಾರ್ಚಿನಲ್ಲಿ ‘ನೈನ್‌ಟೀನ್ತ್ ಸೆಂಚುರಿ’ ಪತ್ರಿಕೆಯಲ್ಲಿ, ಪುಸ್ತಕಗಳನ್ನೂ ಅವುಗಳಿಗೆ ಮನೆ ಒದಗಿಸುವ ಬಗೆಯನ್ನೂ ಕುರಿತು ಅವರ ದೀರ್ಘ ಲೇಖನ ಪ್ರಕಟವಾಯಿತು. ಆಗ ಅವರಿಗೆ ಎಂಬತ್ತು ವರ್ಷ.

ಅವರ ಸಲಹೆಗಳು ಇಂದಿಗೂ ಉಪಯುಕ್ತ. ಕಪಾಟುಗಳು ಗೋಡೆಗೆ ಬೆನ್ನು ಹಚ್ಚಿ ನಿಲ್ಲುವುದರ ಬದಲು ಗೋಡೆಯಿಂದ ಕೋಣೆಯೊಳಕ್ಕೆ ಚಾಚಿಕೊಂಡು ನಿಲ್ಲಬೇಕು. ಆಗ ಎರಡೂ ಮಗ್ಗುಲಲ್ಲಿ ಪುಸ್ತಕ ಇಡಬಹುದು. ಹಲಗೆಗಳ ಮೇಲೆ ಅಲಂಕಾರದ ಕೆತ್ತನೆಗೆ ಜಾಗ ವ್ಯರ್ಥ ಮಾಡಬಾರದು. ಹೀಗೆ ಹೊಂದಿಸಿದರೆ 40 ಅಡಿ ಉದ್ದ, 20 ಅಡಿ ಅಗಲದ ಕೋಣೆಯಲ್ಲಿ 18,000ರಿಂದ 20,000 ಸಂಪುಟಗಳನ್ನು ಇಟ್ಟೂ ಅದನ್ನು ಕುಳಿತು ಓದುವ ಕೋಣೆಯಾಗಿಯೇ ಉಳಿಸಿಕೊಳ್ಳಬಹುದೆಂದು ಅವರ ಲೆಕ್ಕ. ದೊಡ್ಡ ಗ್ರಂಥಾಲಯಗಳಲ್ಲಿ ಅಪರೂಪಕ್ಕೆ ಬೇಕಾಗುವ ಪುಸ್ತಕಗಳನ್ನು ಕಂಬಿಯ ಮೇಲೆ ಎಳೆಯಬಹುದಾದ ಕಪಾಟುಗಳಲ್ಲಿ ಒತ್ತೊತ್ತಾಗಿ ಇಡುವ ಯೋಚನೆಯೂ ಆ ಲೇಖನದಲ್ಲಿದೆ. ಮುಂದೆ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯ ತನ್ನ ನೆಲದಡಿಯ ಭಂಡಾರದಲ್ಲಿ ಇಂಥ ಸರಿಯುವ ಕಪಾಟುಗಳನ್ನು ಹಾಕಿತು. ಆ ಸ್ಥಳಕ್ಕೆ ಇಂದು ‘ಗ್ಲಾಡ್‌ಸ್ಟನ್ ಲಿಂಕ್’ ಎಂದು ಹೆಸರು.

ಆದರೆ ಅವರು ಮಾಡಿದ ದೊಡ್ಡ ಕೆಲಸ ಕಪಾಟಿನದಲ್ಲ. ತಮ್ಮ ಮನೆಯಲ್ಲಿರುವ ಪುಸ್ತಕಗಳು ಊರವರಿಗೂ, ಕೊಳ್ಳಲಾರದ ವಿದ್ಯಾರ್ಥಿಗಳಿಗೂ ಒದಗಬೇಕೆಂದು ಅವರು ಬಹುಕಾಲದಿಂದ ಯೋಚಿಸುತ್ತಿದ್ದರು. ಓದುಗರಿಲ್ಲದ ಪುಸ್ತಕಗಳನ್ನು ಪುಸ್ತಕವಿಲ್ಲದ ಓದುಗರ ಬಳಿಗೆ ಸೇರಿಸುವ ಬಗೆ ಹೇಗೆಂದು ತಂದೆ ಚಿಂತಿಸುತ್ತಿದ್ದರೆಂದು ಅವರ ಮಗಳು ಮೇರಿ ಬರೆದಿಟ್ಟಿದ್ದಾರೆ. ಹಾರ್ಡನ್‌ನಲ್ಲಿ ಕಬ್ಬಿಣದ ತಗಡಿನ ಸರಳವಾದ ಕಟ್ಟಡವೊಂದು ಎದ್ದಿತು. ಎಂಬತ್ತು ದಾಟಿದ ಗ್ಲಾಡ್‌ಸ್ಟನ್, ಮಗಳನ್ನೂ ಸೇವಕನನ್ನೂ ಜೊತೆಗಿಟ್ಟುಕೊಂಡು, ಮುಕ್ಕಾಲು ಮೈಲಿ ದೂರದ ಮನೆಯಿಂದ ತಳ್ಳುಬಂಡಿಗಳಲ್ಲಿ ಪುಸ್ತಕ ಸಾಗಿಸಿದರು. ಹೀಗೆ ಅಲ್ಲಿಗೆ ಸೇರಿದವು ಸುಮಾರು 32,000. ಜೊತೆಗೆ 40,000 ಪೌಂಡುಗಳ ನಿಧಿಯನ್ನೂ ಕೊಟ್ಟರು. ಫಿಲಿಪ್ಸ್ ಮರೆತದ್ದು ಇದನ್ನೇ ಎಂಬುದನ್ನು ಓದುಗರು ಗಮನಿಸಬೇಕು.

1898ರಲ್ಲಿ ಗ್ಲಾಡ್‌ಸ್ಟನ್ ತೀರಿಕೊಂಡ ಮೇಲೆ ಸಾರ್ವಜನಿಕರ ವಂತಿಗೆಯಿಂದ ಕಲ್ಲಿನ ಕಟ್ಟಡ ಮೇಲೆದ್ದು 1902ರಲ್ಲಿ ತೆರೆಯಿತು; 1906ರಲ್ಲಿ ತಂಗುವ ಕೋಣೆಗಳು ಸೇರಿದವು. ಇಂದು ‘ಗ್ಲಾಡ್‌ಸ್ಟನ್ಸ್ ಲೈಬ್ರರಿ’ ಎನ್ನುವ ಆ ಸಂಸ್ಥೆಯಲ್ಲಿ ಓದಲು ಬಂದವರು ರಾತ್ರಿ ತಂಗಬಹುದು. ಅಲ್ಲಿನ ಸಂಗ್ರಹ ಪೀಪ್ಸರದರಂತೆ ಹೆಪ್ಪುಗಟ್ಟಿ ನಿಂತದ್ದಲ್ಲ. ಕೊಟ್ಟವರ ಪುಸ್ತಕಗಳ ಪಕ್ಕದಲ್ಲಿ ಹೊಸವು ಬಂದು ಕುಳಿತಿವೆ.

ಲಂಡನ್ನಿನ ಕಪಾಟಿನಲ್ಲಿ ಕನ್ನಡ

ಈ ನಾಡಿನ ಪುಸ್ತಕಭಂಡಾರಗಳಲ್ಲಿ ಕನ್ನಡಕ್ಕೂ ಹಳೆಯ ಜಾಗವಿದೆ. ಬ್ರಿಟಿಷ್ ಭಾರತದಲ್ಲಿ 1867ರಲ್ಲಿ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯಿದೆ ಬಂದ ಮೇಲೆ, ಅಚ್ಚಾದ ಪುಸ್ತಕಗಳ ಪಟ್ಟಿಗಳು ಮೂರು ತಿಂಗಳಿಗೊಮ್ಮೆ ಸಿದ್ಧವಾಗತೊಡಗಿದವು. ಅವುಗಳಿಂದ ಆರಿಸಿದ ಪುಸ್ತಕಗಳು ಹಡಗೇರಿ ಲಂಡನ್ನಿಗೆ ಬಂದವು. ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದಲ್ಲಿದ್ದ ಕನ್ನಡ, ಬಡಗ, ಕೊಡವ ಪುಸ್ತಕಗಳ ಪಟ್ಟಿಯನ್ನು ಎಲ್. ಡಿ. ಬಾರ್ನೆಟ್ ಎಂಬ ವಿದ್ವಾಂಸರು ಸಿದ್ಧಪಡಿಸಿ 1910ರಲ್ಲಿ ಪ್ರಕಟಿಸಿದರು. ಮ್ಯೂಸಿಯಂ ಕಟ್ಟಡ ಸಾಲದೆ ಪುಸ್ತಕಗಳು ಮುಂದೆ ಸೇಂಟ್ ಪ್ಯಾಂಕ್ರಸ್‌ನ ಹೊಸ ಕಟ್ಟಡಕ್ಕೂ ಯಾರ್ಕ್‌ಶೈರಿನ ಬಾಸ್ಟನ್ ಸ್ಪಾದ ಉಗ್ರಾಣಗಳಿಗೂ ಹಂಚಿಹೋದವು. ಸರ್ಕಾರದ ಬೊಕ್ಕಸವಿದ್ದ ಸಂಸ್ಥೆಗಳಿಗೂ ಜಾಗ ಸಾಲಲಿಲ್ಲ. ಆದರೆ ಬಾರ್ನೆಟ್ ಅವರ ಪಟ್ಟಿಯೊಂದು ಇದ್ದುದರಿಂದ, ನೂರು ವರ್ಷಗಳ ಹಿಂದಿನ ಕನ್ನಡ ಪುಸ್ತಕವೊಂದು ಇಲ್ಲಿ ಇದೆಯೆಂದು ಹುಡುಕುವವರಿಗೆ ತಿಳಿಯಿತು. ಎಲ್ಲಿದೆಯೆಂದು ತಿಳಿದ ಪುಸ್ತಕ ಎಷ್ಟು ದೂರವಿದ್ದರೂ ಒಂದು ದಿನ ಕೈಗೆ ಸಿಗುತ್ತದೆ.

ಮನೆಯನ್ನೇ ಪುಸ್ತಕಕ್ಕೆ ಬಿಟ್ಟವರು

ನಾಲ್ಕನೆಯ ಉತ್ತರಕ್ಕಾಗಿ ತಾಯ್ನಾಡಿಗೆ ಹೋಗಬೇಕು. ಮಂಡ್ಯ ಜಿಲ್ಲೆಯ ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಅಂಕೇಗೌಡರ ‘ಪುಸ್ತಕದ ಮನೆ’ ಇದೆ. ರೈತ ಕುಟುಂಬದಲ್ಲಿ ಹುಟ್ಟಿದ ಅವರು ತರುಣರಾಗಿದ್ದಾಗ ಬಸ್ ಕಂಡಕ್ಟರ್ ಆಗಿದ್ದರು. ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆಮೇಲೆ ಸುಮಾರು ಮೂರು ದಶಕ ಸಕ್ಕರೆ ಕಾರ್ಖಾನೆಯಲ್ಲಿ ದುಡಿದರು. ಸಂಬಳದ ಬಹುಪಾಲು ಪುಸ್ತಕಕ್ಕೆ ಹೋಯಿತು. ಪುಸ್ತಕಗಳಿಗೆ ಜಾಗ ಸಾಲದಾದಾಗ ಮೈಸೂರಿನಲ್ಲಿದ್ದ ಆಸ್ತಿಯನ್ನು ಮಾರಿದರು. ಇಂದು ಅಲ್ಲಿ ಸುಮಾರು ಇಪ್ಪತ್ತು ಲಕ್ಷ ಪುಸ್ತಕಗಳಿವೆಯೆಂದು ಹೇಳಲಾಗುತ್ತದೆ. ಸಾವಿರಾರು ನಿಘಂಟುಗಳು, ಹಳೆಯ ನಿಯತಕಾಲಿಕಗಳು, ಹೊರದೇಶದ ಅಪರೂಪದ ಮುದ್ರಣಗಳು ಅವುಗಳಲ್ಲಿ ಸೇರಿವೆ. 2026ರಲ್ಲಿ ಕೇಂದ್ರ ಸರ್ಕಾರ ಅವರಿಗೆ ಪದ್ಮಶ್ರೀ ಘೋಷಿಸಿತು.

ಫಿಲಿಪ್ಸರ ಮನೆಯಲ್ಲಿ ಪುಸ್ತಕಗಳು ಮನೆಯವರನ್ನು ಮೂಲೆಗೆ ಒತ್ತಿದವು. ಹರಳಹಳ್ಳಿಯಲ್ಲಿಯೂ ಗೌಡರ ಕುಟುಂಬ ಪುಸ್ತಕಗಳ ನಡುವಿನ ಒಂದು ಮೂಲೆಯಲ್ಲಿಯೇ ಬಾಳುತ್ತದೆ. ಹೊರನೋಟಕ್ಕೆ ಒಂದೇ ಕಥೆ ಎನಿಸೀತು. ವ್ಯತ್ಯಾಸವಿರುವುದು ಬಾಗಿಲಿನಲ್ಲಿ. ಅಲ್ಲಿ ಶುಲ್ಕವಿಲ್ಲ, ಶಾಲೆಯ ಮಕ್ಕಳೂ ಸ್ಪರ್ಧಾ ಪರೀಕ್ಷೆಗೆ ಓದುವವರೂ ಸಂಶೋಧಕರೂ ಬಂದು ಹೋಗುತ್ತಾರೆ. ಪುಸ್ತಕಗಳೆಲ್ಲ ಹಲಗೆಯೇರಿವೆಯೆಂದಲ್ಲ. ನೆಲದ ಮೇಲೆ ರಾಶಿಯಾಗಿರುವವು, ಬಿಚ್ಚದೆ ಇರುವ ಮೂಟೆಗಳು ಇನ್ನೂ ಬಹಳ. ಇಪ್ಪತ್ತು ಲಕ್ಷಕ್ಕೆ ಪಟ್ಟಿ ಮಾಡಿ ಮುಂದಿನ ತಲೆಮಾರಿಗೆ ಒಪ್ಪಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಅದು ಈಗ ನಾಡಿನ ಕೆಲಸ.

ನಮ್ಮ ಹದಿನೇಳು ಪೆಟ್ಟಿಗೆಗಳು

ಈ ನಾಲ್ವರನ್ನು ಓದಿ ಮುಗಿಸುವ ಹೊತ್ತಿಗೆ ನಮ್ಮ ಊಟದ ಮೇಜಿನ ಕೆಳಗಿನ ಪೆಟ್ಟಿಗೆಗಳ ಬಗೆಗಿನ ನಮ್ಮ ಯೋಚನೆ ಬದಲಾಗಿತ್ತು. ಅದುವರೆಗೆ ಇನ್ನೊಂದು ಬೀರು ಎಲ್ಲಿ ಇಡುವುದೆಂದು ಅಳತೆ ತೆಗೆಯುತ್ತಿದ್ದೆವು. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ನಮ್ಮಲ್ಲಿ ಪುಸ್ತಕವಿಲ್ಲದ ಓದುಗರು ಯಾರು?

ಮಕ್ಕಳ ಕನ್ನಡ ತರಗತಿಯ ದಿನವೇ ಬೀರುವನ್ನೂ ತೆರೆದಿಡೋಣವೆಂದು ಒಂದು ಭಾನುವಾರ ಮೂರು ಪೆಟ್ಟಿಗೆಗಳನ್ನು ಸಭಾಂಗಣಕ್ಕೆ ಒಯ್ದು ಉದ್ದನೆಯ ಮೇಜಿನ ಮೇಲೆ ಹರಡಿದೆವು. ಮಕ್ಕಳು ಅತ್ತ ಹೊರಳಿಯೂ ನೋಡಲಿಲ್ಲ. ಮೇಜಿನ ಬಳಿ ಬಂದವರು ಮೊಮ್ಮಕ್ಕಳನ್ನು ತರಗತಿಗೆ ಕರೆತಂದ ಅಜ್ಜ ಅಜ್ಜಿಯರು. ಆರು ತಿಂಗಳ ವೀಸಾದ ಮೇಲೆ ಬಂದು, ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ, ನಾಲ್ಕು ಗಂಟೆಗೇ ಕತ್ತಲಾಗುವ ದಿನಗಳಲ್ಲಿ ಕಿಟಕಿಯ ಬಳಿ ಕುಳಿತು ಮಳೆ ನೋಡುವವರು. ಹಾಸನದ ಕಡೆಯ ತಾಯಿಯೊಬ್ಬರು ತ್ರಿವೇಣಿಯವರ ಎರಡು ಕಾದಂಬರಿಗಳನ್ನು ಎದೆಗೆ ಒತ್ತಿಕೊಂಡು, “ಇದಕ್ಕೆ ಎಷ್ಟು ಕೊಡಬೇಕಮ್ಮಾ?” ಎಂದು ಕೇಳಿದರು. ಏನೂ ಕೊಡಬೇಕಾಗಿಲ್ಲ, ಓದಿ ತಂದುಕೊಡಿ ಎಂದೆವು. ಮುಂದಿನ ಭಾನುವಾರ ಎರಡನ್ನೂ ತಂದುಕೊಟ್ಟು ನಾಲ್ಕನ್ನು ಒಯ್ದರು. ಊರಿಗೆ ಹಿಂತಿರುಗುವ ಹೊತ್ತಿಗೆ ಅವರ ಹೆಸರಿನ ಮುಂದೆ ಮೂವತ್ತೊಂದು ಪುಸ್ತಕಗಳು ದಾಖಲಾಗಿದ್ದವು. ಮೊಮ್ಮಗಳಿಗೆ ರಾತ್ರಿ ಅವುಗಳ ಕಥೆ ಹೇಳುತ್ತಿದ್ದರಂತೆ. ಆ ಹುಡುಗಿ ಈಗ ತರಗತಿಯಲ್ಲಿ ಒತ್ತಕ್ಷರಗಳವರೆಗೆ ಬಂದಿದ್ದಾಳೆ.

ಪುಸ್ತಕಗಳನ್ನು ಕೊಟ್ಟ ಹಿರಿಯರಿಗೆ ಈ ದಾಖಲೆಯ ಪುಸ್ತಕವನ್ನು ತೋರಿಸಿದೆವು. ಕನ್ನಡಕ ಏರಿಸಿಕೊಂಡು ಪುಟ ಪುಟವನ್ನೂ ನೋಡಿದರು. “ಈ ಕಾರಂತರದನ್ನು ಯಾರೂ ಮುಟ್ಟಿಲ್ಲವಲ್ಲ” ಎಂದು ಗೊಣಗಿದರು. ಮರುಕ್ಷಣವೇ, ಮುಂದಿನ ತಿಂಗಳು ತಾವೇ ಬಂದು ಅದನ್ನು ಕುರಿತು ಹತ್ತು ನಿಮಿಷ ಮಾತನಾಡುವುದಾಗಿ ಒಪ್ಪಿಕೊಂಡರು.

ಆದ್ದರಿಂದ ಸದಸ್ಯ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮನೆಯ ಪುಸ್ತಕಗಳನ್ನು ಈಗಲೇ ಕೊಟ್ಟುಬಿಡಿ ಎಂದು ನಾವು ಕೇಳುತ್ತಿಲ್ಲ. ಕೊಟ್ಟರೆ ಇಡಲು ನಮಗೂ ಜಾಗವಿಲ್ಲ. ಅಟ್ಟದಲ್ಲಿ, ಗ್ಯಾರೇಜಿನಲ್ಲಿ, ಹಾಸಿಗೆಯ ಕೆಳಗಿನ ಸೂಟ್‌ಕೇಸಿನಲ್ಲಿ ಇರುವ ಕನ್ನಡ ಪುಸ್ತಕಗಳ ಹೆಸರನ್ನೂ ಬರೆದವರ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದು ಕಳಿಸಿ. ಯಾರ ಮನೆಯಲ್ಲಿ ಏನಿದೆಯೆಂಬ ಪಟ್ಟಿಯೊಂದು ಸಿದ್ಧವಾದರೆ ಬೇಕಾದವರು ಕೇಳಿ ಪಡೆಯಬಹುದು. ಅಟ್ಟದ ಪೆಟ್ಟಿಗೆಗಳನ್ನು ಚಳಿಗಾಲಕ್ಕೆ ಮುನ್ನ ಒಮ್ಮೆ ಬಿಚ್ಚಿ ನೋಡುವುದೂ ಒಳ್ಳೆಯದು. ಇಲ್ಲಿನ ತೇವಕ್ಕೆ ನಮ್ಮ ಕಡೆಯ ಕಾಗದ ಬೇಗ ಬೂಷ್ಟು ಹಿಡಿಯುತ್ತದೆ. ಜೊತೆಗೆ ಇನ್ನೊಂದು ಸಾಲು ಸೇರಿಸಿ: ನಿಮ್ಮ ನಂತರ ಇವು ಯಾರಿಗೆ ಸೇರಬೇಕು? ಉತ್ತರ ಹೊಳೆಯದಿದ್ದರೆ ಆ ಸಾಲನ್ನು ಸದ್ಯಕ್ಕೆ ಖಾಲಿ ಬಿಡಿ, ಆದರೆ ಮನೆಯಲ್ಲಿ ಒಮ್ಮೆ ಮಾತನಾಡಿ.

ಹದಿನೇಳು ಪೆಟ್ಟಿಗೆಗಳಲ್ಲಿ ಹನ್ನೆರಡು ಖಾಲಿಯಾಗಿವೆ. ಐದು ಇನ್ನೂ ನಮ್ಮ ಮೆಟ್ಟಿಲ ಕೆಳಗಿವೆ. ಅವುಗಳಲ್ಲಿ ‘ಕಸ್ತೂರಿ’ಯ ಸಂಪುಟಗಳೇ ಎರಡು ಪೆಟ್ಟಿಗೆ ಇವೆ. ಊರಿನಿಂದ ಬಂದ ಅಪ್ಪ ಅಮ್ಮ ಯಾರ ಮನೆಯಲ್ಲಿದ್ದಾರೆಂದು ತಿಳಿಸಿದರೆ ನಾವೇ ತಂದುಕೊಡುತ್ತೇವೆ.